ಎದೆಯ ಮೇಲಿನ 30 ಗ್ರಾಂ: ಗೆಳೆಯರ ಕಿರು ಸಾಕ್ಷ್ಯಚಿತ್ರಕ್ಕೆ ರೋಡ್ ವೈರ್‌ಲೆಸ್ ಗೋ 2

ಬರೆಯುವವರೊಬ್ಬರ ಬಗ್ಗೆ ಅವರ ಗೆಳೆಯರೇ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಲು ಹೊರಟರೆ ಅಲ್ಲಿ ತಂಡ ಅಂತ ಇರುವುದು ಒಂದೇ ಜೀವ. ಕ್ಯಾಮೆರಾ ಹಿಡಿಯುವವರು, ಪ್ರಶ್ನೆ ಕೇಳುವವರು, ಕಿಟಕಿ ಮುಚ್ಚುವವರು ಎಲ್ಲ ಅವರೇ. ಚಿತ್ರದಲ್ಲಿ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಮೇಜು, ಲ್ಯಾಪ್‌ಟಾಪ್, ಕೀಲಿಮಣೆಯ ಮೇಲೆ ಓಡುವ ಬೆರಳು, ಪುಸ್ತಕದ ಕಪಾಟು ಇಷ್ಟೇ. ಉಳಿದದ್ದೆಲ್ಲ ಆ ವ್ಯಕ್ತಿಯ ಮಾತಿನಲ್ಲಿದೆ. ಆದ್ದರಿಂದ ಇಂಥ ಚಿತ್ರಕ್ಕೆ ಹೊಸ ಲೆನ್ಸ್ ಕೊಳ್ಳುವ ಮೊದಲು ಮೈಕ್ ನೋಡಬೇಕು. ಬಾಡಿಗೆಗೂ ಸೆಕೆಂಡ್ ಹ್ಯಾಂಡ್ ಆಗಿಯೂ ಸುಲಭವಾಗಿ ಕೈಗೆ ಸಿಗುವ ರೋಡ್ ವೈರ್‌ಲೆಸ್ ಗೋ 2 ಎಂಬ ಪುಟ್ಟ ಮೈಕ್ ಕಿಟ್ ಈ ಕೆಲಸಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ. ಚಿತ್ರ ಮಾಡುವವರಷ್ಟೇ ಅದನ್ನು ಮೈಮೇಲೆ ತೊಡುವವರೂ ಇದನ್ನು ಓದಬೇಕು. ಈ ಪೆಟ್ಟಿಗೆಯ ಅತಿ ಒಳ್ಳೆಯ ಗುಣವೇ ತೊಟ್ಟವರಿಗೆ ಅತಿ ದೊಡ್ಡ ಅಪಾಯವೂ ಹೌದು. ಆ ಮಾತಿಗೆ ಮುಂದೆ ಬರೋಣ.

ಆಸ್ಟ್ರೇಲಿಯಾದ ರೋಡ್ ಕಂಪನಿ ಇದನ್ನು 2021ರಲ್ಲಿ ಬಿಡುಗಡೆ ಮಾಡಿತು. ಕ್ಯಾಮೆರಾದ ಕಡೆ ಧ್ವನಿ ಪಡೆಯುವ ಒಂದು ರಿಸೀವರ್, ಮಾತಾಡುವವರು ತೊಟ್ಟು ಧ್ವನಿ ಕಳಿಸುವ ಎರಡು ಟ್ರಾನ್ಸ್‌ಮಿಟರ್. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ಅಗಲ, ತೂಕ 30 ಗ್ರಾಂ ಆಸುಪಾಸು. ಟ್ರಾನ್ಸ್‌ಮಿಟರ್‌ನಲ್ಲೇ ಒಂದು ಮೈಕ್ ಇದೆ, ಪಕ್ಕದಲ್ಲಿ ಕಾಲರ್ ಮೈಕ್ ಚುಚ್ಚಲು 3.5 ಮಿಲಿಮೀಟರ್ ಸಾಕೆಟ್ ಇದೆ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 7 ಗಂಟೆ ನಡೆಯುತ್ತದೆ. ಬ್ಯಾಟರಿ ಒಳಗೇ ಕೂಡಿಸಿದ್ದು, ತೆಗೆದು ಬದಲಿಸುವಂತಿಲ್ಲ. ಹಾಗಾಗಿ ಹಳೆಯದನ್ನು ಕೊಳ್ಳುವವರು ಎರಡೂ ಟ್ರಾನ್ಸ್‌ಮಿಟರ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ, ಒಟ್ಟಿಗೆ ಆನ್ ಮಾಡಿ, ಯಾವುದು ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ನೋಡಿಯೇ ದುಡ್ಡು ಕೊಡುವುದು ಒಳ್ಳೆಯದು. ಒಂದು 6 ಗಂಟೆ ಬಂದು ಇನ್ನೊಂದು 3 ಗಂಟೆಗೇ ನಿಂತರೆ ನೀವು ಕೊಳ್ಳುತ್ತಿರುವುದು ಒಂದೂವರೆ ಮೈಕ್.

ಸಂಪರ್ಕ 2.4 ಗಿಗಾಹರ್ಟ್ಸ್‌ನಲ್ಲಿ. ಭಾರತದಲ್ಲಿ ಈ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಕಿಲ್ಲ, ಅದೊಂದು ನೆಮ್ಮದಿ. ಆದರೆ ಮನೆಯ ವೈಫೈ, ಬ್ಲೂಟೂತ್ ಕೂಡ ಅದೇ ದಾರಿಯಲ್ಲಿ ಓಡಾಡುತ್ತವೆ. ಅಡ್ಡ ಏನೂ ಇಲ್ಲದಿದ್ದರೆ 200 ಮೀಟರ್ ಎನ್ನುತ್ತದೆ ಕಂಪನಿ. ಬಯಲಿನಲ್ಲಿ ಎದುರುಬದುರು ನಿಂತರೆ ಆ ಲೆಕ್ಕ ಸರಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಲೆಕ್ಕವೇ ಬೇರೆ. ಮನುಷ್ಯನ ಮೈ ಬಹುಪಾಲು ನೀರು, ನೀರು ಈ ಅಲೆಗಳನ್ನು ಹೀರುತ್ತದೆ. ಟ್ರಾನ್ಸ್‌ಮಿಟರ್ ಎದೆಯ ಮೇಲಿದ್ದು, ತೊಟ್ಟವರು ಕಪಾಟಿನಿಂದ ಪುಸ್ತಕ ತೆಗೆಯಲು ಕ್ಯಾಮೆರಾಕ್ಕೆ ಬೆನ್ನು ಮಾಡಿದರೆ ಸಾಕು, ನಡುವೆ ಒಂದು ಗೋಡೆ ಎದ್ದ ಹಾಗೆ. ಅಡುಗೆಮನೆಯತ್ತ ನಡೆದರಂತೂ ಮಾತು ತುಂಡುತುಂಡಾಗಿ ಬರುತ್ತದೆ. ರಿಸೀವರನ್ನು ಕ್ಯಾಮೆರಾದ ತಲೆಯ ಮೇಲೇ ಇಡಿ, ರೂಟರ್ ಪಕ್ಕದಲ್ಲಿ ಬೇಡ, ಹಾಟ್‌ಸ್ಪಾಟ್ ಆನ್ ಇರುವ ಫೋನನ್ನು ಅದೇ ಟ್ರೈಪಾಡಿಗೆ ಸಿಕ್ಕಿಸಬೇಡಿ. ಇಷ್ಟು ಮಾಡಿದರೂ ಆಗೊಮ್ಮೆ ಈಗೊಮ್ಮೆ ಮಾತು ಕತ್ತರಿಸುವುದು ತಪ್ಪದು.

ಅಲ್ಲೇ ಈ ಕಿಟ್ಟಿನ ನಿಜವಾದ ಬೆಲೆ ತಿಳಿಯುವುದು. ಟ್ರಾನ್ಸ್‌ಮಿಟರ್ ತನ್ನೊಳಗೇ ಧ್ವನಿಯನ್ನು ದಾಖಲಿಸಿಕೊಳ್ಳಬಲ್ಲದು. ಸಂಕುಚಿತ ರೂಪದಲ್ಲಾದರೆ 24 ಗಂಟೆಗೂ ಮೀರಿ, ಸಂಕುಚಿಸದೆ ಸುಮಾರು 7 ಗಂಟೆ. ಗಾಳಿಯಲ್ಲಿ ಸಂಪರ್ಕ ಕಡಿದರೂ ಎದೆಯ ಮೇಲಿನ ಪೆಟ್ಟಿಗೆ ಬರೆದುಕೊಳ್ಳುತ್ತಲೇ ಇರುತ್ತದೆ. ಒಬ್ಬರೇ ಚಿತ್ರೀಕರಿಸುವಾಗ ಹೆಡ್‌ಫೋನ್ ಹಾಕಿಕೊಂಡು ಕೂರಲು ಪುರಸೊತ್ತಿರದವರಿಗೆ ಇದು ಪ್ರಾಣ ಉಳಿಸುವ ಸೌಲಭ್ಯ. ಇದನ್ನು ವೈರ್‌ಲೆಸ್ ಮೈಕ್ ಎಂದುಕೊಳ್ಳದೆ ಜೊತೆಗೆ ವೈರ್‌ಲೆಸ್ ಕೂಡ ಇರುವ ಪುಟ್ಟ ರೆಕಾರ್ಡರ್ ಎಂದುಕೊಂಡು ಬಳಸಿದರೆ ಅರ್ಧ ತಲೆನೋವು ಕಡಿಮೆ.

ಎಷ್ಟೋ ಜನ ಎಡವುವುದು ಇಲ್ಲಿ: ಈ ಸೌಲಭ್ಯ ಪೆಟ್ಟಿಗೆ ಬಿಚ್ಚಿದ ಕೂಡಲೇ ಚಾಲೂ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ರೋಡ್ ಸೆಂಟ್ರಲ್ ಎಂಬ ಉಚಿತ ತಂತ್ರಾಂಶ ಹಾಕಿ, ಒಂದೊಂದು ಟ್ರಾನ್ಸ್‌ಮಿಟರನ್ನೂ ಯುಎಸ್‌ಬಿ-ಸಿ ವೈರಿನಿಂದ ಜೋಡಿಸಿ, ಅದರೊಳಗಿನ ತಂತ್ರಾಂಶ (ಫರ್ಮ್‌ವೇರ್) ಹೊಸದು ಮಾಡಿ, ಸದಾ ರೆಕಾರ್ಡ್ ಆಗುವ ಆಯ್ಕೆಯನ್ನು ಆರಿಸಬೇಕು. ಸಂಕುಚಿಸದ ಗುಣಮಟ್ಟವನ್ನೇ ಆರಿಸಿ. ಚಿತ್ರೀಕರಣದ ಹಿಂದಿನ ರಾತ್ರಿ ಮಾಡುವ ಕೆಲಸ ಇದು. ಹತ್ತು ನಿಮಿಷ ದಾಖಲಿಸಿ, ಕಂಪ್ಯೂಟರಿಗೆ ಇಳಿಸಿ, ಕೇಳಿ ನೋಡಿ. ಜಾಗ ತುಂಬಿದರೆ ಹಳೆಯದರ ಮೇಲೇ ಹೊಸದು ಕೂರುತ್ತದೆ, ಆದ್ದರಿಂದ ಎರಡು ದಿನದ ಚಿತ್ರೀಕರಣವಿದ್ದರೆ ಮೊದಲ ದಿನದ ಸಂಜೆಯೇ ಇಳಿಸಿಕೊಳ್ಳಬೇಕು. ಇಳಿಸುವುದು ಪೆನ್‌ಡ್ರೈವಿನಿಂದ ಎಳೆದು ಹಾಕಿದಷ್ಟು ಸುಲಭವಲ್ಲ. ಅದೇ ತಂತ್ರಾಂಶದ ಮೂಲಕ ಆರಿಸಿ, ಎಡಿಟಿಂಗ್‌ಗೆ ಒಗ್ಗುವ ಡಬ್ಲ್ಯುಎವಿ (WAV) ಧ್ವನಿ ಫೈಲ್ ಆಗಿ ಹೊರತೆಗೆಯಬೇಕು.

ಟೈಮ್‌ಕೋಡ್, ಅಂದರೆ ಚಿತ್ರವನ್ನೂ ಧ್ವನಿಯನ್ನೂ ಆಮೇಲೆ ಹೊಂದಿಸಲು ನೆರವಾಗುವ ಸಮಯದ ಗುರುತು, ಇಲ್ಲದಿರುವುದು ಒಂದು ಕೊರತೆ. ಅದರ ಬದಲಿಗೆ ಚಪ್ಪಾಳೆ ಸಾಕು. ಕ್ಯಾಮೆರಾ ಓಡತೊಡಗಿದ ಮೇಲೆ, ತೊಟ್ಟವರ ಮುಂದೆ, ಚೌಕಟ್ಟಿನೊಳಗೆ ಕಾಣುವಂತೆ ಒಂದು ಚಪ್ಪಾಳೆ. ಕ್ಯಾಮೆರಾದ ದಾಖಲೆಯಲ್ಲೂ ಟ್ರಾನ್ಸ್‌ಮಿಟರ್‌ನದರಲ್ಲೂ ಆ ಮೊನೆ ಎದ್ದು ಕಾಣುತ್ತದೆ, ಎರಡನ್ನೂ ಒಂದರ ಕೆಳಗೊಂದು ಹೊಂದಿಸಿದರೆ ಆಯಿತು. ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಓಡುವುದರಿಂದ ಗಂಟೆಗಟ್ಟಲೆ ನಿಲ್ಲಿಸದೆ ಚಿತ್ರಿಸಿದರೆ ಕೊನೆಗೆ ಒಂದೆರಡು ಫ್ರೇಮ್ ತಪ್ಪಬಹುದು. 20 ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಚಪ್ಪಾಳೆ ಹೊಡೆದರೆ ಆ ತೊಂದರೆಯೇ ಇಲ್ಲ. ತೊಟ್ಟವರಿಗೂ ನೀರು ಕುಡಿಯಲು ಬಿಡುವು.

ಧ್ವನಿಯ ಮಟ್ಟ ಹೊಂದಿಸುವುದು ಎಡವುವ ಇನ್ನೊಂದು ಜಾಗ. ಧ್ವನಿಯನ್ನು ತಾನೇ ಏರಿಸಿ ಇಳಿಸುವ ಕ್ಯಾಮೆರಾದ ಆಟೋ ಗೇನ್ ಮೊದಲು ತೆಗೆಯಿರಿ. ಅದು ಆನ್ ಇದ್ದರೆ ಮಾತಿನ ನಡುವಿನ ಮೌನದಲ್ಲಿ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ, ಮಾತು ಶುರುವಾದಾಗ ತಗ್ಗುತ್ತದೆ. ಕೇಳಲು ಯಾರೋ ಉಸಿರಾಡಿದಂತಿರುತ್ತದೆ. ಕ್ಯಾಮೆರಾದ ಮೈಕ್ ಮಟ್ಟವನ್ನು ಕನಿಷ್ಠದ ಹತ್ತಿರಕ್ಕೆ ಇಳಿಸಿ, ರಿಸೀವರಿನಿಂದ ಹೊರಬರುವ ಧ್ವನಿಯನ್ನು ಜೋರಾಗಿಡಿ. ಸಾಧಾರಣ ಕ್ಯಾಮೆರಾಗಳ ಒಳಗಿನ ಆಂಪ್ಲಿಫಯರ್ ಸುಸ್ಸೆಂದು ಸದ್ದು ಮಾಡುವುದರಿಂದ ಅದಕ್ಕೆ ಕೆಲಸ ಕಡಿಮೆ ಕೊಟ್ಟಷ್ಟೂ ಚೆನ್ನ. ಮಾತಿನ ಮೊನೆಗಳು ಕ್ಯಾಮೆರಾದ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ಆಡಬೇಕು, ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ. ಪರೀಕ್ಷೆಗೆ "ಒಂದು, ಎರಡು, ಮೂರು" ಎಂದು ಎಣಿಸಲು ಹೇಳಬೇಡಿ, ಯಾರೂ ಎಣಿಸುವ ದನಿಯಲ್ಲಿ ಕಥೆ ಹೇಳುವುದಿಲ್ಲ. ಹಳೆಯ ಗೆಳೆಯರಲ್ಲವೇ, ಇಬ್ಬರಿಗೂ ನಗು ಬರುವ ಯಾವುದಾದರೂ ಮಾತು ತೆಗೆಯಿರಿ. ಸಂದರ್ಶನದುದ್ದಕ್ಕೂ ಅತಿ ಜೋರಾದ ಸದ್ದು ನಗುವೇ. ಅದು ಮೈನಸ್ 6 ದಾಟದಿದ್ದರೆ ಮಟ್ಟ ಸರಿ.

ಒಬ್ಬರೇ ಮಾತಾಡುವಾಗ ಎರಡೂ ಚಾನೆಲ್ಲನ್ನು ಕೂಡಿಸಿ ಸೇಫ್ಟಿ ಚಾನೆಲ್ ಆನ್ ಮಾಡಬಹುದು. ಅದು ಅದೇ ಧ್ವನಿಯನ್ನು 20 ಡೆಸಿಬೆಲ್ ತಗ್ಗಿಸಿ ಇನ್ನೊಂದು ಟ್ರ್ಯಾಕಿನಲ್ಲಿ ಇಡುತ್ತದೆ. ಆದರೆ ಅದು ಕಾಪಾಡುವುದು ಕ್ಯಾಮೆರಾದ ಕಡೆ ಒಡೆದ ಧ್ವನಿಯನ್ನು ಮಾತ್ರ. ಮೈಕಿನ ಬಾಯಲ್ಲೇ ಕಿರುಚಿ ಟ್ರಾನ್ಸ್‌ಮಿಟರಿನೊಳಗೇ ಒಡೆದರೆ ಯಾವ ಟ್ರ್ಯಾಕೂ ನೆರವಿಗೆ ಬಾರದು, ಏಕೆಂದರೆ ಅತಿ ಜೋರಾದ ಸದ್ದನ್ನೂ ಆಮೇಲೆ ತಗ್ಗಿಸಿ ಉಳಿಸಿಕೊಳ್ಳಬಹುದಾದ 32 ಬಿಟ್ ಫ್ಲೋಟ್ ಎಂಬ ದಾಖಲೆ ಇದರಲ್ಲಿ ಇಲ್ಲ. ಪ್ರಶ್ನೆ ಕೇಳುವವರ ದನಿಯೂ ಚಿತ್ರದಲ್ಲಿ ಬೇಕೆಂದರೆ ಎರಡನೇ ಟ್ರಾನ್ಸ್‌ಮಿಟರ್ ಅವರಿಗೆ, ಆಗ ಎಡ ಬಲ ಬೇರೆಬೇರೆಯಾಗಿಯೇ ದಾಖಲಾಗಲಿ. ಕೂಡಿಸಿದ ಮೇಲೆ ಬಿಡಿಸಲು ಬರುವುದಿಲ್ಲ.

ಗೆಳೆಯರ ಚಿತ್ರಗಳಿಗೇ ಅಂಟಿದ ಒಂದು ತೊಂದರೆ ಇದೆ. ಅಪರಿಚಿತರು ಸಂದರ್ಶನ ಮಾಡಿದರೆ ಸುಮ್ಮನೆ ಕೇಳುತ್ತಾರೆ. ಗೆಳೆಯರು "ಹೂಂ", "ಹೌದ್ಹೌದು", "ಅಯ್ಯೋ ಆ ದಿನ" ಎಂದು ಮಾತಿಗೆ ಮಾತು ಸೇರಿಸುತ್ತಾರೆ. ಇವೆಲ್ಲ ಒಳ್ಳೆಯ ವಾಕ್ಯಗಳ ಬಾಲಕ್ಕೆ ಅಂಟಿಕೊಂಡು ಎಡಿಟಿಂಗ್‌ನಲ್ಲಿ ಕತ್ತರಿಸಲು ಬಾರದಂತಾಗುತ್ತವೆ. ತಲೆದೂಗಿ, ಬಾಯಿ ಬಿಡಬೇಡಿ. ಉತ್ತರ ಮುಗಿದ ಮೇಲೂ ಮನಸ್ಸಿನಲ್ಲೇ ಮೂರು ಎಣಿಸಿ. ಆ ಮೌನವನ್ನು ತುಂಬಲು ಅವರು ಹೇಳುವ ಮುಂದಿನ ವಾಕ್ಯವೇ ಎಷ್ಟೋ ಸಲ ಚಿತ್ರಕ್ಕೆ ಬೇಕಾದ್ದು. ತೊಟ್ಟವರು ಮಾಡಬೇಕಾದ್ದು ಒಂದೇ: ಪ್ರಶ್ನೆಯನ್ನು ಉತ್ತರದೊಳಗೆ ಸೇರಿಸಿಕೊಳ್ಳುವುದು. "ಯಾವಾಗ ಶುರು ಮಾಡಿದೆ?" ಎಂದರೆ "ಕಾಲೇಜಿನಲ್ಲಿ" ಎನ್ನದೆ, "ನಾನು ಬರೆಯಲು ಶುರು ಮಾಡಿದ್ದು ಕಾಲೇಜಿನಲ್ಲಿ" ಎನ್ನಬೇಕು.

ಇನ್ನು ಮೈಕನ್ನು ಎಲ್ಲಿ ಕೂರಿಸುವುದು. ಚೌಕ ಪೆಟ್ಟಿಗೆಯನ್ನೇ ಅಂಗಿಗೆ ಸಿಕ್ಕಿಸುವುದು ಸುಲಭ, ಮಾತು ಸ್ಪಷ್ಟವಾಗಿಯೇ ಬರುತ್ತದೆ. ಆದರೆ ಚೌಕಟ್ಟಿನ ನಟ್ಟನಡುವೆ ಒಂದು ಕಪ್ಪು ಚೌಕ ಕೂತಿರುತ್ತದೆ. ತೆಳು ಹತ್ತಿಯ ಜುಬ್ಬ ಅದರ ಭಾರಕ್ಕೆ ಜೋತು ಬೀಳುತ್ತದೆ. ಒಂದು ಕಾಲರ್ ಮೈಕ್ ಹೊರಗೆ ಕೊಳ್ಳುವುದೇ ಮೇಲು. ಕೊಳ್ಳುವಾಗ ಪಿನ್ನಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿ. ಎರಡಿದ್ದರೆ ಟಿಆರ್‌ಎಸ್, ಈ ಟ್ರಾನ್ಸ್‌ಮಿಟರಿಗೆ ಅದೇ ಬೇಕು. ಮೂರಿದ್ದರೆ ಮೊಬೈಲಿಗೆಂದು ಮಾಡಿದ್ದು, ನೇರ ಚುಚ್ಚಿದರೆ ಸದ್ದು ಬಾರದಿರಬಹುದು ಅಥವಾ ಕ್ಷೀಣವಾಗಿ ಬರಬಹುದು. ಸಾಕೆಟ್ಟಿನಲ್ಲಿ ತಿರುಗಿಸಿ ಬಿಗಿಯುವ ವ್ಯವಸ್ಥೆ ಇಲ್ಲ. ವೈರ್ ಎಳೆದರೆ ಪಿನ್ ಅರ್ಧ ಹೊರಬಂದು, ಜೇಬಿನೊಳಗಿನ ಸರಪರ ಸದ್ದು ಮಾತ್ರ ದಾಖಲಾಗುವ ಸಂಭವ ಉಂಟು. ವೈರನ್ನು ಪಿನ್ನಿನ ಹತ್ತಿರ ಒಂದು ಸುತ್ತು ಸುತ್ತಿ ಟ್ರಾನ್ಸ್‌ಮಿಟರಿಗೇ ಟೇಪ್ ಅಂಟಿಸಿಬಿಡಿ.

ಗದ್ದದಿಂದ ಸರಿಯಾಗಿ ಒಂದು ಗೇಣು ಕೆಳಗೆ, ಎದೆಯ ನಡುವಿನ ಮೂಳೆಯ ಮೇಲೆ ಮೈಕ್ ಇರಲಿ. ಇನ್ನೂ ಮೇಲೆ ಹೋದರೆ ಗದ್ದದ ನೆರಳು ಬಿದ್ದು ದನಿ ಮಂಕಾಗುತ್ತದೆ, ಕೆಳಗೆ ಹೋದರೆ ಕೋಣೆಯ ಪ್ರತಿಧ್ವನಿ ಹೆಚ್ಚುತ್ತದೆ. ದೂರ ಎರಡು ಪಟ್ಟಾದರೆ ಮಾತು 6 ಡೆಸಿಬೆಲ್ ತಗ್ಗುತ್ತದೆ, ಕೋಣೆಯ ಗದ್ದಲ ಹಾಗೇ ಉಳಿಯುತ್ತದೆ. ಬಟ್ಟೆಯ ಒಳಗೆ ಅಡಗಿಸುವುದಾದರೆ ಔಷಧಿ ಅಂಗಡಿಯ ಸರ್ಜಿಕಲ್ ಟೇಪ್ ಸಾಕು. ಒಂದು ಅಂಗುಲದ ಪಟ್ಟಿಯನ್ನು ಅಂಟು ಹೊರಗಾಗುವಂತೆ ತ್ರಿಕೋನವಾಗಿ ಮಡಚಿ, ಅಂಥ ಎರಡು ಮಾಡಿ, ನಡುವೆ ಮೈಕನ್ನು ಇಟ್ಟು ಒತ್ತಿ. ಒಂದು ಬದಿ ಬಟ್ಟೆಗೆ, ಇನ್ನೊಂದು ಮೈಗೆ. ಎರಡೂ ಒಟ್ಟಿಗೆ ಚಲಿಸುವುದರಿಂದ ಉಜ್ಜುವುದಿಲ್ಲ. ಮೈಕಿನ ಕೆಳಗೆ ವೈರಿನಲ್ಲಿ ಒಂದು ಸಣ್ಣ ಕುಣಿಕೆ ಬಿಟ್ಟು ಅದನ್ನೂ ಅಂಟಿಸಿ.

ಬಟ್ಟೆಯ ಮಾತು ಮೊದಲೇ ಆಡಿಕೊಳ್ಳಬೇಕು. ಒಗೆದು ಮೆತ್ತಗಾದ ಹತ್ತಿ ಎಲ್ಲಕ್ಕಿಂತ ಒಳ್ಳೆಯದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾದಿ ಜುಬ್ಬ ಉಸಿರಾಡಿದರೂ ಸದ್ದು ಮಾಡುತ್ತದೆ. ಪಾಲಿಸ್ಟರ್ ಬೇಡ. ರೇಷ್ಮೆ ಸೀರೆಯಾದರೆ ಸೆರಗು ಎಡ ಹೆಗಲ ಮೇಲಿರುವುದರಿಂದ ಮೈಕನ್ನು ಕುಪ್ಪಸದ ಕೊರಳಂಚಿನ ಬಲಬದಿಗೆ ಸರಿಸಬೇಕು. ಮಾಂಗಲ್ಯದ ಸರ, ಕರಿಮಣಿ, ಉದ್ದದ ಚೈನು ಮೈಕಿಗೆ ತಾಗಿದರೆ ಪ್ರತಿ ವಾಕ್ಯದಲ್ಲೂ ಕಿಣಿಕಿಣಿ ಬರುತ್ತದೆ. ತೆಗೆಯಿರಿ ಎನ್ನಬೇಡಿ, ಮೈಕನ್ನೇ ಎರಡು ಬೆರಳು ಪಕ್ಕಕ್ಕೆ ಮಾಡಿ. ಟೈಪ್ ಮಾಡುವ ದೃಶ್ಯವಿದ್ದರೆ ಗಾಜಿನ ಬಳೆ ಮೇಜಿಗೆ ತಾಗುವುದನ್ನೂ ಗಮನಿಸಿ. ವೈರನ್ನು ಬಟ್ಟೆಯೊಳಗಿಂದ ಇಳಿಸುವ ಕೆಲಸ ತೊಡುವವರದ್ದೇ. ಎಷ್ಟೇ ಹತ್ತಿರದ ಗೆಳೆತನವಿರಲಿ, ಒಂದು ಕನ್ನಡಿ, ಟೇಪಿನ ತುಂಡುಗಳು ಮತ್ತು ಬಾಗಿಲು ಹಾಕಿದ ಕೋಣೆ ಕೊಟ್ಟು ಹೊರಗೆ ನಿಲ್ಲಿ. ಟ್ರಾನ್ಸ್‌ಮಿಟರ್ ಸೊಂಟದಲ್ಲಿ, ಆದರೆ ಬೆನ್ನಿನ ಕಡೆಯಲ್ಲ, ಕ್ಯಾಮೆರಾದತ್ತ ಇರುವ ಪಕ್ಕೆಯಲ್ಲಿ.

ಮೈಕ್ ಎಷ್ಟು ಚೆನ್ನಾಗಿದ್ದರೂ ನಮ್ಮ ಮನೆಗಳ ಸದ್ದನ್ನು ಅದು ಅಳಿಸುವುದಿಲ್ಲ. ಮೊಸಾಯಿಕ್ ನೆಲ, ಬರಿಗೋಡೆ, ಗಾಜಿನ ಕಿಟಕಿ ಇರುವ ಹಾಲ್ ಬಿಟ್ಟು ಪುಸ್ತಕದ ಕಪಾಟಿರುವ ಕೋಣೆ ಹಿಡಿಯಿರಿ. ಎತ್ತರ ತಗ್ಗಾಗಿ ಜೋಡಿಸಿದ ಪುಸ್ತಕಗಳು ಧ್ವನಿಯನ್ನು ಚದುರಿಸುತ್ತವೆ, ಅದೃಷ್ಟಕ್ಕೆ ಬರೆಯುವವರ ಮನೆಯಲ್ಲಿ ಅವುಗಳಿಗೆ ಬರವಿಲ್ಲ. ನೆಲಕ್ಕೆ ಜಮಖಾನ, ಕ್ಯಾಮೆರಾದ ಹಿಂದೆ ಕುರ್ಚಿಯ ಮೇಲೆ ಹರಡಿದ ಕಂಬಳಿ. ಫ್ಯಾನ್ ಆರಲಿ. ಫ್ರಿಜ್ ಆರಿಸಿದರೆ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಆನ್ ಮಾಡದೆ ಮನೆಗೆ ಹೋಗಲಾಗದು. ಟ್ಯೂಬ್‌ಲೈಟಿನ ಹಳೆಯ ಚೋಕ್ ಗುಂಯ್‌ಗುಡುತ್ತದೆ, ಕರೆಂಟು ಹೋದಾಗ ಯುಪಿಎಸ್ ಇನ್ನೂ ಜೋರಾಗಿ. ಅಕ್ಕಪಕ್ಕದ ಕುಕ್ಕರು, ಮಿಕ್ಸಿ ನಿಲ್ಲುವ ಹೊತ್ತು, ಅಂದರೆ ಬೆಳಗಿನ 11ರಿಂದ 12 ಅಥವಾ ಊಟವಾದ ಮೇಲಿನ 3 ಗಂಟೆ, ವಾಸಿ. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು ದಾಖಲಿಸಿ. ಕತ್ತರಿಸಿದ ಮಾತುಗಳ ನಡುವೆ ತುಂಬಲು ಅದು ಬೇಕೇ ಬೇಕು.

ಹೊರಗೆ, ತಾರಸಿಯಲ್ಲೋ ಕೆರೆದಂಡೆಯಲ್ಲೋ ಆದರೆ ಕಿಟ್ಟಿನೊಂದಿಗೆ ಬರುವ ತುಪ್ಪಟದ ಟೋಪಿಯನ್ನು ಮೈಕಿಗೆ ತೊಡಿಸಿ. ಒತ್ತಿ ತಿರುಗಿಸಿದರೆ ಭದ್ರ.

ಎದೆಯ ಮೇಲೆ ಕೂತ ಮೈಕಿಗೆ ತನ್ನದೇ ಬಣ್ಣ ಇರುತ್ತದೆ. 600ರಿಂದ 800 ಹರ್ಟ್ಸ್ ಆಸುಪಾಸಿನಲ್ಲಿ ಎದೆಗೂಡಿನ ಅನುರಣನ ಹೆಚ್ಚು, 3ರಿಂದ 5 ಕಿಲೋಹರ್ಟ್ಸ್‌ನಲ್ಲಿ ಕೊರತೆ. ಕನ್ನಡದಲ್ಲಿ ಸ, ಶ, ಚ ಮಂಕಾಗಿ, ವಾಕ್ಯದ ಕೊನೆಯ ಪ್ರತ್ಯಯಗಳು ನುಂಗಿಹೋಗುವುದು ಇದರಿಂದಲೇ. ಮೊದಲನೆಯದನ್ನು 2-3 ಡೆಸಿಬೆಲ್ ಇಳಿಸಿ, ಎರಡನೆಯದನ್ನು ಅಷ್ಟೇ ಏರಿಸಿ, 80 ಹರ್ಟ್ಸ್‌ನ ಕೆಳಗಿನದೆಲ್ಲ ತೆಗೆದುಬಿಡಿ. ಗದ್ದಲ ಅಳಿಸುವ ಫಿಲ್ಟರ್ ಪೂರ್ತಿ ತಿರುಗಿಸಿದರೆ ದನಿ ತಗಡಿನ ಡಬ್ಬದೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಫ್ಯಾನಿನ ಸದ್ದು ಉಳಿದರೆ ಉಳಿಯಲಿ.

ಹೊಸದಾಗಿ ಕೊಳ್ಳುವವರಿಗೆ ಇದೇ ಬೇಕೆ? 2023ರಲ್ಲಿ ಬಂದ ರೋಡ್ ವೈರ್‌ಲೆಸ್ ಪ್ರೊದಲ್ಲಿ 32 ಬಿಟ್ ಫ್ಲೋಟ್, ಟೈಮ್‌ಕೋಡ್, ಬಿಗಿಯುವ ಸಾಕೆಟ್, ಚಾರ್ಜಿಂಗ್ ಡಬ್ಬಿ ಎಲ್ಲ ಇವೆ. 2024ರ ಡಿಜೆಐ ಮೈಕ್ 2ರಲ್ಲೂ 32 ಬಿಟ್ ಫ್ಲೋಟ್ ಆಂತರಿಕ ದಾಖಲೆ ಇದೆ. ದುಡ್ಡಿದ್ದರೆ ಅವು ಮೇಲು. ಒಬ್ಬರು ಒಂದೇ ಕುರ್ಚಿಯಲ್ಲಿ ಕೂತು ಮಾತಾಡುವಷ್ಟೇ ಇದ್ದರೆ ಇವು ಯಾವುವೂ ಬೇಡ. ಬೋಯಾ ಬಿವೈ-ಎಂ1 ಥರದ, 6 ಮೀಟರ್ ವೈರಿನ ಅಗ್ಗದ ಕಾಲರ್ ಮೈಕನ್ನು ಜೇಬಿನ ಫೋನಿಗೆ ಚುಚ್ಚಿ ರೆಕಾರ್ಡರ್ ಆ್ಯಪ್ ಆನ್ ಮಾಡಿದರೆ ಕೆಲಸ ಚೆನ್ನಾಗಿಯೇ ಆಗುತ್ತದೆ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದೊಂದು ನೆನಪಿರಲಿ. ಗೋ 2 ತನ್ನ ಬೆಲೆ ತೀರಿಸುವುದು ಬರೆಯುವವರು ಎದ್ದು ಓಡಾಡುವ, ಕಾಫಿ ಮಾಡುತ್ತ ಮಾತಾಡುವ, ಕೊನೆಯ ಸಾಲಿಗಾಗಿ ತಡಕಾಡಿ ತಮಗೆ ತಾವೇ ಓದಿಕೊಳ್ಳುವ ಗಳಿಗೆಗಳಲ್ಲಿ. ಅಂಥ ಚಿತ್ರಕ್ಕೆ ಇದನ್ನು ಬಾಡಿಗೆಗೆ ತನ್ನಿ ಎಂಬುದು ನಮ್ಮ ಸಲಹೆ, ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್. ಫೋನಿಗೆ ಜೋಡಿಸುವವರು ಅದಕ್ಕೆ ತಕ್ಕ ವೈರ್ ಬೇರೆ ಕೊಳ್ಳಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ರಿಸೀವರಿನಲ್ಲಿ ಪ್ರತ್ಯೇಕ ಹೆಡ್‌ಫೋನ್ ಸಾಕೆಟ್ ಇಲ್ಲದ್ದರಿಂದ ಕ್ಯಾಮೆರಾದಲ್ಲಿ ಅದು ಇರಲೇಬೇಕು.

ಈಗ ಮೊದಲು ಹೇಳಿದ ಅಪಾಯ. ಸದಾ ರೆಕಾರ್ಡ್ ಆಗುವ ಪೆಟ್ಟಿಗೆ ಕ್ಯಾಮೆರಾ ನಿಂತಾಗಲೂ ಕೇಳಿಸಿಕೊಳ್ಳುತ್ತಿರುತ್ತದೆ. ಊಟದ ಬಿಡುವಿನಲ್ಲಿ ಮನೆಯವರೊಂದಿಗೆ ಆಡಿದ ಮಾತು, ಬ್ಯಾಂಕಿನವರ ಕರೆಗೆ ಜೋರಾಗಿ ಓದಿ ಹೇಳಿದ ನಂಬರು, ಮೂರನೆಯವರ ಬಗ್ಗೆ ಹೊರಬಿದ್ದ ಸಿಟ್ಟು, ಬಚ್ಚಲಮನೆಯ ಸದ್ದು ಎಲ್ಲವೂ ಒಳಗೆ ಸೇರುತ್ತವೆ. 30 ಗ್ರಾಮಿನ ವಸ್ತು ಅರ್ಧ ಗಂಟೆಯಲ್ಲಿ ತೊಟ್ಟವರಿಗೆ ಮರೆತೇ ಹೋಗುತ್ತದೆ. ಆದ್ದರಿಂದ ತೊಡಿಸುವ ಮೊದಲೇ ಆನ್ ಆಫ್ ಮಾಡುವ ಬಟನ್ ಎಲ್ಲಿದೆ, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ದೀಪ ಹೇಗಿದ್ದರೆ ಏನರ್ಥ ಎಂದು ತೋರಿಸಿ, ಅವರ ಕೈಯಲ್ಲೇ ಒಮ್ಮೆ ಮಾಡಿಸಿ. ಬಿಡುವೆಂದರೆ ಆಫ್ ಎಂಬುದು ಇಬ್ಬರ ನಡುವಿನ ಕರಾರಾಗಲಿ. ಇಳಿಸಿಕೊಂಡ ಮೇಲೆ ಚಪ್ಪಾಳೆಗೆ ಹಿಂದಿನದನ್ನೂ ಬಿಡುವಿನ ಹೊತ್ತಿನದನ್ನೂ ಕೇಳದೆ ಕತ್ತರಿಸಿ ಎಸೆಯಿರಿ. ಯಾವ ಮಾತು ಚಿತ್ರದಲ್ಲಿ ಬೇಡವೆಂದು ತೊಟ್ಟವರು ಆ ದಿನವೇ ಹೇಳುತ್ತಾರೋ ಅದರ ಸಮಯ ಬರೆದಿಟ್ಟುಕೊಳ್ಳಿ, ಮೊದಲ ಎಡಿಟ್ ತೋರಿಸುವ ದಿನದವರೆಗೆ ಕಾಯಬೇಡಿ.

ಬಾಡಿಗೆಯ ಕಿಟ್ಟಾದರೆ ಇನ್ನೊಂದು ಕೆಲಸ ಉಳಿದಿದೆ. ವಾಪಸ್ ಕೊಡುವ ಮೊದಲು ಎರಡೂ ಟ್ರಾನ್ಸ್‌ಮಿಟರ್‌ಗಳನ್ನು ಮತ್ತೆ ರೋಡ್ ಸೆಂಟ್ರಲ್‌ಗೆ ಜೋಡಿಸಿ ಒಳಗಿನ ದಾಖಲೆಗಳನ್ನು ಅಳಿಸಬೇಕು. ಆಫ್ ಮಾಡಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಮುಂದಿನ ಬಾಡಿಗೆದಾರರು ಅದನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿದರೆ ನಿಮ್ಮ ಗೆಳೆಯರ ಇಡೀ ದಿನ ಅವರ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ. ಅಳಿಸುವುದನ್ನು ತೊಟ್ಟವರ ಎದುರಿಗೇ ಮಾಡಿ.